ಕೀಲಿಮಣೆ ಮೂಕವಾದಾಗ

ಯಂತ್ರಗಳು ಕೆಡುವುದರಲ್ಲಿ ಎರಡು ಬಗೆಯುಂಟು. ಕೆಲವು ಸದ್ದು ಮಾಡಿ ಕೆಡುತ್ತವೆ, ಕೆಲವು ಸದ್ದಿಲ್ಲದೆ ಕೆಡುತ್ತವೆ. ಹಿಟ್ಟಿನ ಗಿರಣಿಯ ಪಟ್ಟಿ ಹರಿದರೆ ಬೀದಿಗೆಲ್ಲ ಕೇಳಿಸುತ್ತದೆ; ಸೈಕಲ್ಲಿನ ಚೈನು ಕಳಚಿದರೆ ಕಾಲಿಗೇ ತಿಳಿಯುತ್ತದೆ. ಮೇಜಿನ ಮೇಲಿನ ಕಂಪ್ಯೂಟರಿನ ಕೀಲಿಮಣೆ ಮತ್ತು ಮೌಸ್ ಎರಡನೆಯ ಜಾತಿಗೆ ಸೇರಿದವು. ದೀಪ ಉರಿಯುತ್ತಿರುತ್ತದೆ, ಒಳಗಿನ ಫ್ಯಾನು ತಿರುಗುತ್ತಿರುತ್ತದೆ, ಪರದೆಯ ಮೇಲೆ ಚಿತ್ರವೂ ಇರುತ್ತದೆ. ಆದರೆ ಒತ್ತಿದ ಅಕ್ಷರ ಮೂಡದು, ಎಳೆದ ಬಾಣ ಕದಲದು. ಯಜಮಾನ ಹೇಳುತ್ತಿದ್ದಾನೆ, ಆಳು ಕಿವಿಗೊಡುತ್ತಿಲ್ಲ ಎಂಬಂಥ ಸ್ಥಿತಿ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ ಮಲವಗೊಪ್ಪವನ್ನು ಹಾದು ಹೋಗುವವರು ಇಂದು ರಸ್ತೆಯ ಎರಡು ಬದಿಗಳಲ್ಲಿಯೂ ಮನೆಗಳು, ಅಂಗಡಿಗಳು, ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಫಲಕಗಳನ್ನು ಕಾಣುತ್ತಾರೆ. ಹಿಂದೆ ದೊಡ್ಡ ಕಚೇರಿಗಳಲ್ಲಿ ಮಾತ್ರ ಇದ್ದ ಕಂಪ್ಯೂಟರು ಈಗ ಅನೇಕ ಮನೆಗಳ ಪಡಸಾಲೆಯಲ್ಲಿದೆ. ಅದು ಬರಿಯ ಮಕ್ಕಳ ಆಟದ ಸಾಮಾನಲ್ಲ. ಜಮೀನಿನ ಪಹಣಿ ಅದರಲ್ಲಿ ದೊರೆಯುತ್ತದೆ, ಕರೆಂಟ್ ಬಿಲ್ಲನ್ನು ಅದರ ಮೂಲಕ ಕಟ್ಟಬಹುದು, ಸಿ.ಇ.ಟಿ. ಪರೀಕ್ಷೆಗೆ ಕುಳಿತುಕೊಳ್ಳುವ ಹುಡುಗ ಹುಡುಗಿಯರ ಅರ್ಜಿ ಅದರ ಮೂಲಕವೇ ಹೋಗಬೇಕು. ಅರ್ಜಿಗೆ ಕೊನೆಯ ದಿನವೆಂಬುದೊಂದು ಇರುತ್ತದೆ. ಆ ದಿನ ರಾತ್ರಿ ಒಂಬತ್ತು ಗಂಟೆಗೆ, ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲೆ, ಅರ್ಧ ತುಂಬಿದ ಅರ್ಜಿಯ ಮುಂದೆ ಕೀಲಿಮಣೆ ಮೂಕವಾದರೆ ಮನೆಯವರ ಗತಿಯೇನು? ಒಂದು ವರ್ಷದ ಓದಿನ ಫಲ ಕೆಲವು ನೂರು ರೂಪಾಯಿಯ ಈ ಪ್ಲಾಸ್ಟಿಕ್ ಹಲಗೆಯ ಮೇಲೆ ನಿಂತುಬಿಡುತ್ತದೆ.

ಇಂಥ ಸಮಯದಲ್ಲಿ ಜನರು ಸಾಮಾನ್ಯವಾಗಿ ಮೂರು ಕೆಲಸಗಳಲ್ಲಿ ಒಂದನ್ನು ಮಾಡುತ್ತಾರೆ. ಕೀಲಿಗಳನ್ನು ಇನ್ನಷ್ಟು ಜೋರಾಗಿ ಕುಟ್ಟುತ್ತಾರೆ. ಇಲ್ಲವೆ ಗೋಡೆಯ ಸ್ವಿಚ್ಚನ್ನೇ ಪಟ್ಟೆಂದು ಆರಿಸುತ್ತಾರೆ. ಇಲ್ಲವೆ ಮರುದಿನ ಹೊಸದೊಂದನ್ನು ಕೊಂಡು ತರುತ್ತಾರೆ. ಮೊದಲನೆಯದರಿಂದ ಏನೂ ಪ್ರಯೋಜನವಿಲ್ಲ. ಎರಡನೆಯದರಿಂದ ಬರೆದದ್ದೆಲ್ಲ ಹೋಗಬಹುದು. ಮೂರನೆಯದು ಅನೇಕ ವೇಳೆ ದಂಡದ ಖರ್ಚು. ದೋಷ ಎಲ್ಲಿದೆಯೆಂದು ಕ್ರಮವಾಗಿ ಹುಡುಕಿದರೆ ಬಹುಪಾಲು ಸಂದರ್ಭಗಳಲ್ಲಿ ಹತ್ತು ಹದಿನೈದು ನಿಮಿಷಗಳಲ್ಲಿ, ಖರ್ಚಿಲ್ಲದೆ, ಮನೆಯವರೇ ಅದನ್ನು ಸರಿಪಡಿಸಬಹುದು. ಆ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಬೆರಳಿನಿಂದ ಪರದೆಯವರೆಗೆ

ರೇಡಿಯೋ ಇಟ್ಟುಕೊಂಡವರಿಗೆ ಇದನ್ನು ತಿಳಿಸುವುದು ಸುಲಭ. ಭದ್ರಾವತಿಯ ಆಕಾಶವಾಣಿ ಕೇಂದ್ರ 1965ರಿಂದ ಈ ಸೀಮೆಗೆ ಮಾತು ಸಂಗೀತಗಳನ್ನು ತಲಪಿಸುತ್ತಿದೆ. ಅಲ್ಲಿ ಒಬ್ಬರು ಮೈಕಿನ ಮುಂದೆ ಆಡಿದ ಮಾತು ನಿಯಂತ್ರಣ ಕೊಠಡಿಗೆ, ಅಲ್ಲಿಂದ ಪ್ರೇಷಕಕ್ಕೆ, ಪ್ರೇಷಕದಿಂದ ಎತ್ತರದ ಕಂಬಕ್ಕೆ, ಕಂಬದಿಂದ ಗಾಳಿಗೆ, ಗಾಳಿಯಿಂದ ನಿಮ್ಮ ಮನೆಯ ಪೆಟ್ಟಿಗೆಗೆ ಬರುತ್ತದೆ. ಮಾತು ಕೇಳಿಸದೆ ಹೋದರೆ ಈ ಸರಪಳಿಯ ಯಾವುದೋ ಒಂದು ಕೊಂಡಿ ಕಳಚಿದೆ ಎಂದು ಅರ್ಥ. ಬಲ್ಲವನು ಎಲ್ಲ ಕೊಂಡಿಗಳನ್ನೂ ಒಮ್ಮೆಗೇ ಬಿಚ್ಚುವುದಿಲ್ಲ. ಒಂದೊಂದಾಗಿ ಮುಟ್ಟಿ ನೋಡುತ್ತಾನೆ.

ಕೀಲಿಮಣೆಗೂ ಇಂಥದೇ ಒಂದು ಸರಪಳಿಯುಂಟು. ಸಾಮಾನ್ಯ ಕೀಲಿಮಣೆಯ ಗುಂಡಿಗಳ ಕೆಳಗೆ ರಬ್ಬರಿನ ಚಿಕ್ಕ ಗುಮ್ಮಟಗಳೂ ಅವುಗಳ ಅಡಿಯಲ್ಲಿ ಒಂದರ ಮೇಲೊಂದು ಹಾಸಿದ ಮೂರು ಪ್ಲಾಸ್ಟಿಕ್ ಹಾಳೆಗಳೂ ಇರುತ್ತವೆ. ಮೇಲಿನ ಮತ್ತು ಕೆಳಗಿನ ಹಾಳೆಗಳ ಮೇಲೆ ವಿದ್ಯುತ್ ಹರಿಯುವ ಶಾಯಿಯಿಂದ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ. ನಡುವಿನ ಹಾಳೆಯಲ್ಲಿ ತೂತುಗಳಿರುತ್ತವೆ. ಗುಂಡಿಯನ್ನು ಒತ್ತಿದಾಗ ಆ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನ ಗೆರೆಗೆ ತಾಗುತ್ತದೆ. ಒಳಗಿರುವ ಒಂದು ಚಿಕ್ಕ ಚಿಪ್ಪು ಈ ಗೆರೆಗಳ ಜಾಲವನ್ನು ಎಡೆಬಿಡದೆ ಪರೀಕ್ಷಿಸುತ್ತಾ, ಎಲ್ಲಿ ತಾಗಿತು ಎಂಬುದನ್ನು ಒಂದು ಸಂಖ್ಯೆಯ ರೂಪದಲ್ಲಿ ತಂತಿಯ ಮೂಲಕ ಕಳಿಸುತ್ತದೆ. ಅಂದರೆ ಕೀಲಿಮಣೆ ಅಕ್ಷರವನ್ನು ಕಳಿಸುವುದಿಲ್ಲ, ಯಾವ ಗುಂಡಿ ಎಂಬ ಸಂಖ್ಯೆಯನ್ನು ಮಾತ್ರ ಕಳಿಸುತ್ತದೆ. ಅದು ಇಂಗ್ಲಿಷಿನ ಅಕ್ಷರವೋ ಕನ್ನಡದ ಅಕ್ಷರವೋ ಎಂದು ನಿರ್ಧರಿಸುವುದು ಕಂಪ್ಯೂಟರಿನೊಳಗಿನ ತಂತ್ರಾಂಶ. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಉಪಯೋಗಕ್ಕೆ ಬರುತ್ತದೆ.

ಮೌಸಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಇಂಜಿನಿಯರು ಇದನ್ನು ಕಲ್ಪಿಸಿದರು. ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಮೊದಲ ಮೌಸನ್ನು ಮರದ ಚಿಪ್ಪಿನಲ್ಲಿ ತಯಾರಿಸಿದರು. 1968ರ ಡಿಸೆಂಬರ್ 9ರಂದು ಅದರ ಸಾರ್ವಜನಿಕ ಪ್ರದರ್ಶನ ನಡೆಯಿತು. ಅಂದಿನ ಮೌಸಿಗೆ ಎರಡು ಗಾಲಿಗಳಿದ್ದವು, ಆಮೇಲೆ ರಬ್ಬರ್ ಹೊದ್ದ ಗುಂಡು ಬಂದಿತು, ಇಂದು ಬೆಳಕು ಬಂದಿದೆ. ಇಂದಿನ ಮೌಸಿನ ಹೊಟ್ಟೆಯ ಕೆಳಗೆ ಒಂದು ದೀಪವೂ ಒಂದು ಪುಟ್ಟ ಕ್ಯಾಮರಾವೂ ಇವೆ. ಆ ಕ್ಯಾಮರಾ ಮೇಜಿನ ಮೈಯನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಚಿತ್ರ ತೆಗೆಯುತ್ತದೆ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಇರುವ ವ್ಯತ್ಯಾಸದಿಂದ ಕೈ ಯಾವ ಕಡೆಗೆ ಎಷ್ಟು ಸರಿಯಿತು ಎಂದು ಲೆಕ್ಕ ಹಾಕುತ್ತದೆ. ಗಾಜು ಹಾಸಿದ ಮೇಜಿನ ಮೇಲೆ ಮೌಸ್ ಕದಲದಿರುವ ಕಾರಣ ಇದೇ. ಗಾಜಿನಲ್ಲಿ ಅದಕ್ಕೆ ಗುರುತು ಹಿಡಿಯಲು ಏನೂ ಸಿಗುವುದಿಲ್ಲ. ಕೆಳಗೊಂದು ಹಳೆಯ ನೋಟ್‌ಬುಕ್ಕಿನ ರಟ್ಟನ್ನು ಇಟ್ಟರೆ ಸಾಕು, ಸತ್ತ ಮೌಸು ಎದ್ದು ಓಡಾಡುತ್ತದೆ.

ಮೊದಲು ಒಂದು ನಿಮಿಷ ತಾಳ್ಮೆ

ಪರಿಶೀಲನೆಯ ಮೊದಲ ಹೆಜ್ಜೆಯೆಂದರೆ ಕೈಕಟ್ಟಿ ಒಂದೆರಡು ನಿಮಿಷ ಕೂರುವುದು. ಕಂಪ್ಯೂಟರು ಯಾವುದೋ ಭಾರಿ ಕೆಲಸದಲ್ಲಿ ಮುಳುಗಿದ್ದರೆ ಹೊರಗಿನ ಕರೆಗೆ ಉತ್ತರ ಕೊಡುವುದಿಲ್ಲ. ಆಗ ತಪ್ಪು ಕೀಲಿಮಣೆಯದಲ್ಲ. ಪರದೆಯ ಮೂಲೆಯ ಗಡಿಯಾರವನ್ನು ನೋಡಿ. ನಿಮಿಷ ಮುಂದುವರಿಯುತ್ತಿದ್ದರೆ ಯಂತ್ರ ಬದುಕಿದೆ. ಗಡಿಯಾರವೇ ನಿಂತುಹೋಗಿದ್ದರೆ ಯಂತ್ರವೇ ಸ್ತಬ್ಧವಾಗಿದೆ.

ಎರಡನೆಯ ಪರೀಕ್ಷೆ ಕ್ಯಾಪ್ಸ್ ಲಾಕ್ ಅಥವಾ ನಮ್ ಲಾಕ್ ಕೀಲಿಯದು. ಅದನ್ನು ಒತ್ತಿದಾಗ ಕೀಲಿಮಣೆಯ ಮೇಲಿನ ಪುಟ್ಟ ದೀಪ ಹತ್ತಿ ಆರುತ್ತದೆಯೇ ನೋಡಿ. ಈ ದೀಪವನ್ನು ಹತ್ತಿಸುವುದು ಕೀಲಿಮಣೆ ತಾನಾಗಿಯೇ ಅಲ್ಲ. ಗುಂಡಿ ಒತ್ತಿದ ಸುದ್ದಿ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ದೀಪ ಹಚ್ಚು ಎಂಬ ಅಪ್ಪಣೆ ಮರಳಿ ಬಂದ ಮೇಲೆಯೇ ಅದು ಹತ್ತುವುದು. ಆದ್ದರಿಂದ ದೀಪ ಹತ್ತಿತೆಂದರೆ ಕೀಲಿಮಣೆ, ತಂತಿ, ಕಿಂಡಿ, ಯಂತ್ರ ನಾಲ್ಕೂ ಸರಿಯಾಗಿವೆ. ನೀವು ತೆರೆದಿಟ್ಟ ಕಿಟಕಿ ಮಾತ್ರ ಎಲ್ಲೋ ಸಿಕ್ಕಿಕೊಂಡಿದೆ. ಆಗ ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬೇರೊಂದು ಪರದೆ ಬರುತ್ತದೆ. ಅಲ್ಲಿಂದ ಸಿಕ್ಕಿಕೊಂಡ ಕಾರ್ಯಕ್ರಮವನ್ನು ಮಾತ್ರ ಮುಚ್ಚಬಹುದು. ಹಾಗೆಯೇ ಮೌಸನ್ನು ಎತ್ತಿ ಹೊಟ್ಟೆಯ ಕೆಳಗೆ ನೋಡಿ. ಕೆಂಪು ಬೆಳಕಿದ್ದರೆ ಅದಕ್ಕೆ ವಿದ್ಯುತ್ ತಲಪುತ್ತಿದೆ. ಕೆಲವು ಮೌಸುಗಳ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಅವುಗಳ ವಿಷಯದಲ್ಲಿ ಈ ಪರೀಕ್ಷೆ ನಡೆಯದು.

ತಂತಿ ಮತ್ತು ಕಿಂಡಿ

ದೀಪವೇ ಹತ್ತದಿದ್ದರೆ ಮೇಜಿನ ಹಿಂದಕ್ಕೆ ಹೋಗಬೇಕು. ಕಸ ಗುಡಿಸುವಾಗ, ಮಕ್ಕಳು ಕಾಲು ಚಾಚಿದಾಗ ತಂತಿ ಸ್ವಲ್ಪ ಸಡಿಲಾಗುವುದು ತೀರ ಸಾಮಾನ್ಯ. ಮೊದಲು ಅದು ಯಾವ ಬಗೆಯ ಸಂಪರ್ಕ ಎಂದು ಗುರುತಿಸಬೇಕು. ಹಳೆಯ ಕಂಪ್ಯೂಟರುಗಳಲ್ಲಿ ದುಂಡನೆಯ ಎರಡು ಕಿಂಡಿಗಳಿರುತ್ತವೆ. ನೇರಳೆ ಬಣ್ಣದ್ದು ಕೀಲಿಮಣೆಗೆ, ಹಸಿರು ಬಣ್ಣದ್ದು ಮೌಸಿಗೆ. 1987ರಲ್ಲಿ ಐ.ಬಿ.ಎಂ. ಕಂಪೆನಿಯ ಪಿ.ಎಸ್. 2 ಎಂಬ ಯಂತ್ರದೊಡನೆ ಬಂದ ಪದ್ಧತಿ ಇದು. ಇವೆರಡೂ ನೋಡಲು ಅವಳಿ ಮಕ್ಕಳಂತೆ. ಅದಲು ಬದಲಾದರೆ ಎರಡೂ ಕೆಲಸ ಮಾಡವು. ಇದರಲ್ಲಿ ಇನ್ನೊಂದು ಎಚ್ಚರಿಕೆ ಉಂಟು. ಯಂತ್ರ ನಡೆಯುತ್ತಿರುವಾಗ ದುಂಡು ಪ್ಲಗ್ಗನ್ನು ಕೀಳಬಾರದು, ಹಾಕಬಾರದು. ಹಾಕಿದರೂ ಯಂತ್ರ ಮತ್ತೆ ಆರಂಭವಾಗುವವರೆಗೆ ಅದನ್ನು ಗುರುತಿಸದೆ ಇರಬಹುದು. ಒಳಗಿನ ಸೂಕ್ಷ್ಮ ಭಾಗಗಳಿಗೆ ಹಾನಿಯಾಗುವ ಸಂಭವವೂ ಇದೆ. ಪ್ಲಗ್ಗಿನ ಒಳಗಿರುವ ಸೂಜಿಯಂಥ ಕಡ್ಡಿಗಳು ಬಗ್ಗಿವೆಯೇ ಎಂದೂ ನೋಡಬೇಕು.

ಚಪ್ಪಟೆಯಾದ ಯು.ಎಸ್.ಬಿ. ಕಿಂಡಿ ಇದಕ್ಕಿಂತ ಸಾಧು. ಇದರ ಮೊದಲ ರೂಪ 1996ರಲ್ಲಿ ಹೊರಬಂದಿತು. ಇದನ್ನು ರೂಪಿಸಿದವರಲ್ಲಿ ಮುಖ್ಯರಾದ ಅಜಯ್ ಭಟ್ಟರು ನಮ್ಮ ದೇಶದಲ್ಲಿಯೇ ಹುಟ್ಟಿ, ಅಮೆರಿಕದ ಇಂಟೆಲ್ ಕಂಪೆನಿಯಲ್ಲಿ ಕೆಲಸ ಮಾಡಿದವರು. ಯಂತ್ರ ನಡೆಯುತ್ತಿರುವಾಗಲೇ ಇದನ್ನು ತೆಗೆದು ಹಾಕಬಹುದು. ಒಂದು ಸಲ ಕಿತ್ತು, ಹತ್ತು ಎಣಿಸಿ, ಬೇರೊಂದು ಕಿಂಡಿಗೆ ಹಾಕಿ ನೋಡಿ. ಪೆಟ್ಟಿಗೆಯ ಮುಂಭಾಗದ ಕಿಂಡಿಗಳಿಗಿಂತ ಹಿಂಭಾಗದವು ಹೆಚ್ಚು ನಂಬಿಕೆಗೆ ಅರ್ಹ. ಹಿಂದಿನವು ಮದರ್‌ಬೋರ್ಡಿಗೇ ನೇರವಾಗಿ ಕೂಡಿಕೊಂಡಿರುತ್ತವೆ. ಮುಂದಿನವು ಒಳಗೊಂದು ಬೇರೆ ತಂತಿಯ ಮೂಲಕ ಬರುತ್ತವೆ, ಆ ತಂತಿ ಸಡಿಲಾಗಿರಬಹುದು. ಒಂದು ಕಿಂಡಿಯಿಂದ ನಾಲ್ಕು ಕವಲು ತೆಗೆಯುವ ಹಬ್ ಎಂಬ ಸಾಧನವಿದ್ದರೆ ಅದನ್ನು ಬಿಟ್ಟು ನೇರವಾಗಿ ಜೋಡಿಸಬೇಕು. ಒಂದೇ ಕಿಂಡಿಯಿಂದ ಮೊಬೈಲು, ದೀಪ, ಫ್ಯಾನು ಎಲ್ಲಕ್ಕೂ ವಿದ್ಯುತ್ ಎಳೆದರೆ ಯಂತ್ರ ತನ್ನ ರಕ್ಷಣೆಗಾಗಿ ಆ ಕಿಂಡಿಯನ್ನೇ ಮುಚ್ಚಿಬಿಡುವುದುಂಟು.

ತಂತಿಯಿಲ್ಲದ ಕೀಲಿಮಣೆ ಮೌಸುಗಳಾದರೆ ಮೊದಲ ಸಂಶಯ ಬ್ಯಾಟರಿಯ ಮೇಲೆ. ಬ್ಯಾಟರಿ ಒಮ್ಮೆಲೇ ಸಾಯುವುದಿಲ್ಲ. ಬಾಣ ತಡವರಿಸುವುದು, ಅಕ್ಷರಗಳು ಬಿಟ್ಟುಹೋಗುವುದು ಅದರ ಮುನ್ಸೂಚನೆ. ಎರಡನೆಯದಾಗಿ, ಹೊಟ್ಟೆಯ ಕೆಳಗಿನ ಚಿಕ್ಕ ಸ್ವಿಚ್ಚು. ಮೂರನೆಯದಾಗಿ, ಕಿಂಡಿಗೆ ಹಾಕುವ ಉಗುರಿನಷ್ಟು ಚಿಕ್ಕ ಗ್ರಾಹಕ. ಇದೂ ಒಂದು ರೇಡಿಯೋ ಸೆಟ್ಟೇ. ಲೋಹದ ಪೆಟ್ಟಿಗೆಯ ಹಿಂದೆ, ಗೋಡೆಯ ಮೂಲೆಯಲ್ಲಿ ಅದನ್ನು ಹುದುಗಿಸಿದರೆ ಅಲೆಗಳು ಸರಿಯಾಗಿ ತಲಪವು. ತಗಡಿನ ಕಪಾಟಿನೊಳಗೆ ಟ್ರಾನ್ಸಿಸ್ಟರ್ ಇಟ್ಟು ಹಾಡು ಕೇಳುವವರುಂಟೆ? ಗ್ರಾಹಕವನ್ನು ಮುಂದಿನ ಕಿಂಡಿಗೆ ಬದಲಿಸಿದರೆ ಅನೇಕ ವೇಳೆ ತೊಂದರೆ ನೀಗುತ್ತದೆ.

ಯಂತ್ರಕ್ಕೆ ಪೂರ್ಣ ವಿಶ್ರಾಂತಿ

ಇಷ್ಟಕ್ಕೂ ಬಗ್ಗದಿದ್ದರೆ ಯಂತ್ರವನ್ನು ನಿಲ್ಲಿಸಿ ಆರಂಭಿಸಬೇಕು. ಆದರೆ ಕೀಲಿಮಣೆಯೂ ಇಲ್ಲ, ಮೌಸೂ ಇಲ್ಲ ಎಂದಾಗ ನಿಲ್ಲಿಸುವುದು ಹೇಗೆ? ಪೆಟ್ಟಿಗೆಯ ಮೇಲಿನ ಗುಂಡಿಯನ್ನು ಒಂದೇ ಸಲ ಮೆಲ್ಲಗೆ ಒತ್ತಿ ಬಿಡಬೇಕು. ಹಾಗೆ ಮಾಡಿದರೆ ಸಾಮಾನ್ಯವಾಗಿ ಯಂತ್ರ ಕ್ರಮವಾಗಿ ತನ್ನ ಕೆಲಸಗಳನ್ನು ಮುಚ್ಚಿಕೊಂಡು ನಿಲ್ಲುತ್ತದೆ. ಎರಡು ಮೂರು ನಿಮಿಷ ಕಾದರೂ ನಿಲ್ಲದಿದ್ದರೆ ಮಾತ್ರ ಅದೇ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಬೇಕು. ಇದು ಬಲವಂತದ ನಿಲುಗಡೆ. ಉಳಿಸದೆ ಬಿಟ್ಟ ಬರವಣಿಗೆ ಹೋಗುತ್ತದೆ.

ನಿಂತ ಮೇಲೆ ಕೂಡಲೆ ಮತ್ತೆ ಹಚ್ಚಬಾರದು. ಯಂತ್ರ ನಿಂತಂತೆ ಕಂಡರೂ ಗೋಡೆಯ ಸ್ವಿಚ್ಚು ಹಾಕಿರುವವರೆಗೆ ಅದರ ಮದರ್‌ಬೋರ್ಡಿಗೆ ಸ್ವಲ್ಪ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಕಂಪ್ಯೂಟರು ಆರಿದ ಮೇಲೂ ಮೌಸಿನ ಕೆಂಪು ದೀಪ ಉರಿಯುವುದನ್ನು ನೀವು ಕಂಡಿರಬಹುದು, ಕಾರಣ ಇದೇ. ಕಿಂಡಿಗಳನ್ನು ನೋಡಿಕೊಳ್ಳುವ ಚಿಪ್ಪು ಗೊಂದಲಕ್ಕೆ ಬಿದ್ದಿದ್ದರೆ ಈ ಅಲ್ಪ ವಿದ್ಯುತ್ತಿನಿಂದ ಆ ಗೊಂದಲವೂ ಉಳಿದುಕೊಳ್ಳಬಹುದು. ಆದ್ದರಿಂದ ಗೋಡೆಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಬೇಕು. ಒಳಗೆ ಸಂಗ್ರಹವಾಗಿದ್ದ ವಿದ್ಯುತ್ ಆಗ ಬರಿದಾಗುತ್ತದೆ. ಎರಡು ನಿಮಿಷ ಬಿಟ್ಟು ಮತ್ತೆ ಹಚ್ಚಿದರೆ ಎಷ್ಟೋ ಮೂಕ ಕೀಲಿಮಣೆಗಳು ಮಾತನಾಡುತ್ತವೆ. ಯು.ಪಿ.ಎಸ್. ಇರುವ ಮನೆಗಳಲ್ಲಿ ಗೋಡೆಯ ಸ್ವಿಚ್ಚು ಆರಿಸಿದರೆ ಸಾಲದು, ಯು.ಪಿ.ಎಸ್.ನಿಂದಲೇ ಪ್ಲಗ್ಗು ಕೀಳಬೇಕು.

ನಡುಬೇಲಿಯ ಪರೀಕ್ಷೆ

ಈಗ ಬರುವುದು ಅತಿ ಮುಖ್ಯವಾದ ಪರೀಕ್ಷೆ. ದೋಷ ಸಾಮಾನಿನಲ್ಲಿದೆಯೋ ತಂತ್ರಾಂಶದಲ್ಲಿದೆಯೋ ಎಂಬುದನ್ನು ಇದು ಇತ್ಯರ್ಥ ಮಾಡುತ್ತದೆ. ಯಂತ್ರ ಆರಂಭವಾದೊಡನೆ, ವಿಂಡೋಸ್ ಕಾಣಿಸಿಕೊಳ್ಳುವ ಮೊದಲೇ, ಡಿಲೀಟ್ ಅಥವಾ ಎಫ್ 2 ಕೀಲಿಯನ್ನು ಪಟಪಟನೆ ಒತ್ತುತ್ತಾ ಹೋಗಬೇಕು. ಬಯಾಸ್ ಎಂಬ ಪರದೆ ತೆರೆದುಕೊಳ್ಳುತ್ತದೆ. ಯಂತ್ರಕ್ಕೆ ಹುಟ್ಟಿನಿಂದ ಬಂದ ಬುದ್ಧಿ ಅದು. ವಿಂಡೋಸ್ ಆಮೇಲೆ ಕಲಿತ ವಿದ್ಯೆ. ಈ ಪರದೆಯಲ್ಲಿ ಬಾಣದ ಕೀಲಿಗಳು ಕೆಲಸ ಮಾಡಿದರೆ ಕೀಲಿಮಣೆಯೂ ತಂತಿಯೂ ಕಿಂಡಿಯೂ ನಿರ್ದೋಷಿಗಳು. ಅಪರಾಧಿ ವಿಂಡೋಸಿನ ಒಳಗಿದ್ದಾನೆ. ಇಲ್ಲಿ ಏನನ್ನೂ ಬದಲಿಸದೆ ಎಸ್ಕೇಪ್ ಒತ್ತಿ ಹೊರಬರಬೇಕು. ಇಲ್ಲಿಯೂ ಕೀಲಿಮಣೆ ಮೂಕವಾಗಿದ್ದರೆ ದೋಷ ಬಹುಮಟ್ಟಿಗೆ ಸಾಮಾನಿನದು. ಈ ಪರೀಕ್ಷೆಗೆ ತಂತಿಯುಳ್ಳ ಕೀಲಿಮಣೆಯೇ ಬೇಕು. ಬ್ಲೂಟೂತಿನವು ಸಾಮಾನ್ಯವಾಗಿ ಇಲ್ಲಿ ನಡೆಯುವುದಿಲ್ಲ.

ಸಾಮಾನಿನದೆಂದು ಕಂಡರೆ ನೆರೆಮನೆಯ ಕೀಲಿಮಣೆಯೊಂದನ್ನು ತಂದು ಹಾಕಿ, ನಿಮ್ಮದನ್ನು ಅವರಲ್ಲಿ ಹಾಕಿ ನೋಡಿದರೆ ಉಳಿದ ಅನುಮಾನವೂ ತೀರುತ್ತದೆ. ನಿಮ್ಮದು ಅಲ್ಲಿ ನಡೆದರೆ ನಿಮ್ಮ ಕಿಂಡಿ ಕೆಟ್ಟಿದೆ. ಅವರದು ಇಲ್ಲಿ ನಡೆದರೆ ನಿಮ್ಮ ಕೀಲಿಮಣೆ ಕೆಟ್ಟಿದೆ. ಎಲ್ಲ ಕೀಲಿಗಳೂ ಹೋಗದೆ ಕೆಲವೇ ಹೋಗಿದ್ದರೆ ಅದರಲ್ಲಿಯೂ ಅರ್ಥವಿದೆ. ಒಂದೇ ಒಂದು ಕೀಲಿ ಏಳದಿದ್ದರೆ ಕೆಳಗೆ ಧೂಳು, ಅನ್ನದ ಅಗುಳು ಏನೋ ಸೇರಿದೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಕೀಲಿಗಳು ಒಟ್ಟಿಗೆ ಹೋಗಿದ್ದರೆ ಒಳಗಿನ ಹಾಳೆಯ ಒಂದು ಗೆರೆಯೇ ತುಂಡಾಗಿದೆ. ಅದಕ್ಕೆ ಮನೆಮದ್ದಿಲ್ಲ, ಹೊಸದು ಕೊಳ್ಳುವುದೇ ಸರಿ. ಬಲಗಡೆಯ ಅಂಕಿಗಳು ಮಾತ್ರ ಮೂಡದಿದ್ದರೆ ನಮ್ ಲಾಕ್ ಆರಿರುತ್ತದೆ; ಒಮ್ಮೆ ಒತ್ತಿದರೆ ಸಾಕು.

ಕೆಡದೆಯೇ ಕೆಟ್ಟಂತೆ ಕಾಣುವುದು

ತಂತ್ರಾಂಶದ ದೋಷಗಳಲ್ಲಿ ಎರಡು ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ವಿಂಡೋಸಿನಲ್ಲಿ ಫಿಲ್ಟರ್ ಕೀಸ್ ಎಂಬ ಒಂದು ಸೌಲಭ್ಯವಿದೆ. ಕೈ ನಡುಗುವವರು ತಪ್ಪಿ ಮುಟ್ಟಿದ ಕೀಲಿಗಳನ್ನು ಲೆಕ್ಕಕ್ಕೆ ಹಿಡಿಯದಿರಲೆಂದು ಮಾಡಿದ ಒಳ್ಳೆಯ ಏರ್ಪಾಡು ಅದು. ಬಲಗಡೆಯ ಷಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ಅದು ಎಚ್ಚರಗೊಳ್ಳುತ್ತದೆ. ಯೋಚಿಸುತ್ತಾ ಕೈಯೂರಿ ಕುಳಿತವರು, ಕೀಲಿಮಣೆಯ ಮೇಲೆ ಪುಸ್ತಕವಿಟ್ಟವರು ತಿಳಿಯದೆಯೇ ಇದನ್ನು ಎಬ್ಬಿಸುತ್ತಾರೆ. ಆಮೇಲೆ ಬೇಗ ಬೇಗ ಒತ್ತಿದ ಯಾವ ಕೀಲಿಯೂ ಮೂಡದು. ಕೀಲಿಮಣೆ ಸತ್ತಿತೆಂದೇ ಅನ್ನಿಸುತ್ತದೆ. ಒಂದು ಕೀಲಿಯನ್ನು ಒಂದೆರಡು ಸೆಕೆಂಡು ಒತ್ತಿ ಹಿಡಿದು ನೋಡಿ. ಆಗ ಅಕ್ಷರ ಮೂಡಿದರೆ ರೋಗ ಇದೇ. ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್ ಎಂಬ ಭಾಗಕ್ಕೆ ಹೋಗಿ ಅದನ್ನು ಆರಿಸಬಹುದು.

ಎರಡನೆಯದು ಕನ್ನಡದ್ದೇ ಆದ ಗೊಂದಲ. ಕೀಲಿಮಣೆ ಸಂಖ್ಯೆಯನ್ನು ಮಾತ್ರ ಕಳಿಸುತ್ತದೆ, ಅಕ್ಷರವನ್ನು ನಿರ್ಧರಿಸುವುದು ತಂತ್ರಾಂಶ ಎಂದು ಹಿಂದೆ ಹೇಳಿದೆವಲ್ಲ? ನಮ್ಮ ಭಾಗ್ಯವೂ ಅಲ್ಲಿಯೇ ಇದೆ, ತೊಡಕೂ ಅಲ್ಲಿಯೇ ಇದೆ. ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡದ ಎಲ್ಲ ಅಕ್ಷರಗಳನ್ನೂ ಕೂರಿಸುವ ಸುಲಭವಾದ ವಿನ್ಯಾಸವನ್ನು ರೂಪಿಸಿಕೊಟ್ಟರು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ, ಸರಕಾರಿ ಕಚೇರಿಗಳಲ್ಲಿ ಬಳಕೆಗೆ ಬಂದ ನುಡಿ ತಂತ್ರಾಂಶ ಈ ವಿನ್ಯಾಸವನ್ನೇ ಅನುಸರಿಸುತ್ತದೆ. ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸಲು ಸ್ಕ್ರಾಲ್ ಲಾಕ್ ಕೀಲಿಯನ್ನು ಬಳಸುತ್ತಾರೆ. ಮಗ ಕನ್ನಡದಲ್ಲಿ ಬರೆದು ಎದ್ದು ಹೋಗಿರುತ್ತಾನೆ. ತಂದೆ ಬಂದು ಬ್ಯಾಂಕಿನ ಗುಪ್ತಪದವನ್ನು ಒತ್ತುತ್ತಾರೆ. ಚುಕ್ಕಿಗಳು ಮಾತ್ರ ಕಾಣುವುದರಿಂದ ಒಳಗೆ ಬೇರೆಯೇ ಅಕ್ಷರ ಹೋಗುತ್ತಿರುವುದು ತಿಳಿಯುವುದಿಲ್ಲ. ಮೂರು ಸಲ ತಪ್ಪಾದರೆ ಖಾತೆಗೆ ಬೀಗ ಬೀಳಬಹುದು. ಆದುದರಿಂದ ಗುಪ್ತಪದ ಒಪ್ಪದಿದ್ದಾಗ, ವಿಚಿತ್ರ ಚಿಹ್ನೆಗಳು ಮೂಡಿದಾಗ, ಮೊದಲು ಸ್ಕ್ರಾಲ್ ಲಾಕ್ ಮತ್ತು ಕ್ಯಾಪ್ಸ್ ಲಾಕ್ ದೀಪಗಳನ್ನು ನೋಡಬೇಕು. ಪರದೆಯ ಕೆಳಮೂಲೆಯ ಭಾಷೆಯ ಗುರುತನ್ನೂ ನೋಡಬೇಕು. ಅನುಮಾನವಿದ್ದರೆ ಒಂದು ಖಾಲಿ ಪುಟದಲ್ಲಿ ನಾಲ್ಕು ಅಕ್ಷರ ಬರೆದು ಪರೀಕ್ಷಿಸಿ, ಆಮೇಲೆ ಬ್ಯಾಂಕಿನ ಪುಟಕ್ಕೆ ಹೋಗುವುದು ಲೇಸು.

ಇವೆರಡೂ ಅಲ್ಲದಿದ್ದರೆ ಡ್ರೈವರ್ ಎಂಬ ದುಭಾಷಿಯ ಮೇಲೆ ಸಂಶಯ ಪಡಬೇಕು. ಡಿವೈಸ್ ಮ್ಯಾನೇಜರ್ ಎಂಬಲ್ಲಿ ಕೀಬೋರ್ಡಿನ ಹೆಸರನ್ನು ಆರಿಸಿ, ಅನ್‌ಇನ್‌ಸ್ಟಾಲ್ ಮಾಡಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ತಾನಾಗಿಯೇ ಹೊಸ ದುಭಾಷಿಯನ್ನು ನೇಮಿಸಿಕೊಳ್ಳುತ್ತದೆ. ಇಲ್ಲಿ ಷಟ್ ಡೌನ್‌ಗಿಂತ ರೀಸ್ಟಾರ್ಟ್ ಮೇಲು. ಇತ್ತೀಚಿನ ವಿಂಡೋಸ್ ಬೇಗ ಏಳಲೆಂದು ಷಟ್ ಡೌನ್ ಆಗುವಾಗ ತನ್ನ ಸ್ಥಿತಿಯ ಒಂದು ಭಾಗವನ್ನು ಹಾಗೆಯೇ ಕಾಪಿಟ್ಟುಕೊಳ್ಳುತ್ತದೆ. ರೀಸ್ಟಾರ್ಟಿನಲ್ಲಿ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ.

ಕೆಲವೊಮ್ಮೆ ತಪ್ಪು ದೂರದಿಂದ ಬರುವುದೂ ಉಂಟು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸ್ 11ಕ್ಕೆ ಕಳಿಸಿದ ಒಂದು ಪರಿಷ್ಕರಣದಿಂದ, ಯಂತ್ರ ಕೆಟ್ಟಾಗ ತೆರೆಯುವ ದುರಸ್ತಿಯ ಪರದೆಯಲ್ಲಿ ಯು.ಎಸ್.ಬಿ. ಕೀಲಿಮಣೆಯೂ ಮೌಸೂ ನಡೆಯದಂತಾದವು. ಬಾವಿಗೆ ಬಿದ್ದವನಿಗೆ ಇಳಿಬಿಟ್ಟ ಹಗ್ಗವೇ ಮೋಟಾದಂತೆ ಆಯಿತು. ಅಕ್ಟೋಬರ್ 20ರಂದು ಕಂಪೆನಿಯೇ ಇನ್ನೊಂದು ಪರಿಷ್ಕರಣವನ್ನು ಕಳಿಸಿ ಸರಿಪಡಿಸಿತು. ಆ ಆರು ದಿನಗಳಲ್ಲಿ ಹಳೆಯ ದುಂಡು ಪ್ಲಗ್ಗಿನ ಕೀಲಿಮಣೆಗಳು ಮಾತ್ರ ಆ ಪರದೆಯಲ್ಲಿ ಎಂದಿನಂತೆ ನಡೆದವು. ಹಳೆಯ ಸಾಮಾನನ್ನು ಅಟ್ಟಕ್ಕೆ ಎಸೆಯುವ ಮೊದಲು ಇದನ್ನು ನೆನೆಯಬಹುದು.

ಒಂದು ಕೈ ಹೋದರೆ ಇನ್ನೊಂದು

ಎರಡರಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಅರ್ಜಿಯನ್ನು ಆ ರಾತ್ರಿಯೇ ಮುಗಿಸಬಹುದು. ಕೀಲಿಮಣೆ ಇಲ್ಲದಿದ್ದರೆ ವಿಂಡೋಸಿನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಆನ್‌ಸ್ಕ್ರೀನ್ ಕೀಬೋರ್ಡ್ ಎಂಬುದಿದೆ. ಪರದೆಯ ಮೇಲೆಯೇ ಕೀಲಿಮಣೆಯ ಚಿತ್ರ ಮೂಡುತ್ತದೆ, ಮೌಸಿನಿಂದ ಒಂದೊಂದೇ ಅಕ್ಷರವನ್ನು ಒತ್ತಿ ಬರೆಯಬಹುದು. ಗುಪ್ತಪದ ಕೇಳುವ ಮೊದಲ ಪರದೆಯ ಬಲಗಡೆಯ ಕೆಳಮೂಲೆಯಲ್ಲಿಯೂ ಇದರ ಗುರುತು ಇರುತ್ತದೆ. ಮೌಸ್ ಇಲ್ಲದಿದ್ದರೆ ಟ್ಯಾಬ್ ಕೀಲಿಯಿಂದ ಒಂದು ಖಾನೆಯಿಂದ ಇನ್ನೊಂದು ಖಾನೆಗೆ ಹೋಗಬಹುದು. ಎಂಟರ್ ಒತ್ತಿದರೆ ಒಪ್ಪಿಗೆ. ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಬರೆದದ್ದು ಉಳಿಯುತ್ತದೆ. ಆಲ್ಟ್ ಮತ್ತು ಎಫ್ 4 ಒತ್ತಿದರೆ ತೆರೆದ ಕಿಟಕಿ ಮುಚ್ಚುತ್ತದೆ. ಬಾಣವೇ ಬೇಕೆಂದರೆ ಎಡಗಡೆಯ ಆಲ್ಟ್, ಎಡಗಡೆಯ ಷಿಫ್ಟ್, ನಮ್ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ ಎಂಟರ್ ಒತ್ತಿ. ಬಲಗಡೆಯ ಅಂಕಿಯ ಕೀಲಿಗಳೇ ಮೌಸಾಗುತ್ತವೆ, ಐದರ ಕೀಲಿ ಕ್ಲಿಕ್ಕಿಗೆ.

ಮಲೆನಾಡಿನ ಮಳೆ, ಸಿಡಿಲು, ಇರುವೆ

ನಮ್ಮ ಸೀಮೆಗೆ ಸಂಬಂಧಿಸಿದ ಒಂದೆರಡು ಮಾತು ಹೇಳಬೇಕು. ಮಳೆಗಾಲದ ನಾಲ್ಕು ತಿಂಗಳು ಗೋಡೆ ಬೆವರುವ ಊರಿನಲ್ಲಿ ಕಿಂಡಿಗಳ ಲೋಹಕ್ಕೆ ಕಿಲುಬು ಹತ್ತುತ್ತದೆ. ಬಳಸದೆ ಬಿಟ್ಟ ಯಂತ್ರಕ್ಕೆ ಇದು ಹೆಚ್ಚು. ವಾರಕ್ಕೆರಡು ಸಲವಾದರೂ ಒಂದು ಗಂಟೆ ಹಚ್ಚಿಟ್ಟರೆ ಒಳಗಿನ ಬಿಸಿಗೆ ತೇವ ಆರುತ್ತದೆ. ತಿಂಡಿಯ ಚೂರು ಬಿದ್ದ ಕೀಲಿಮಣೆಯಲ್ಲಿ ಇರುವೆ ಗೂಡು ಕಟ್ಟುತ್ತದೆ. ತಿಂಗಳಿಗೊಮ್ಮೆ ಪ್ಲಗ್ಗು ಕಿತ್ತು, ಬೋರಲು ಹಾಕಿ ಮೆಲ್ಲಗೆ ತಟ್ಟಿ, ಮೆತ್ತನೆಯ ಕುಂಚದಿಂದ ಗುಡಿಸಬೇಕು. ಕಾಫಿ ಚೆಲ್ಲಿದರೆ ತಡಮಾಡದೆ ಪ್ಲಗ್ಗು ಕಿತ್ತು ಬೋರಲು ಮಾಡಿ, ಎರಡು ಮೂರು ದಿನ ನೆರಳಿನಲ್ಲಿ ಒಣಗಲು ಬಿಡಬೇಕು. ಆತುರದಿಂದ ಒದ್ದೆಯಲ್ಲೇ ಹಚ್ಚಿದರೆ ಉಳಿಯುವುದೂ ಉಳಿಯದು.

ಏಪ್ರಿಲ್ ಮೇ ತಿಂಗಳ ಸಂಜೆಯ ಸಿಡಿಲು ಎಲ್ಲಕ್ಕಿಂತ ದೊಡ್ಡ ಶತ್ರು. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಯಂತ್ರವನ್ನು ನಿಲ್ಲಿಸಿ ಪ್ಲಗ್ಗನ್ನು ಕೀಳಬೇಕು. ಇಂಟರ್‌ನೆಟ್ಟಿನ ತಂತಿಯನ್ನೂ ಮರೆಯದೆ ಕೀಳಬೇಕು. ಸ್ವಿಚ್ಚು ಆರಿಸಿದ ಮಾತ್ರಕ್ಕೆ ಸಿಡಿಲು ನಿಲ್ಲುವುದಿಲ್ಲ. ಸಿಡಿಲಿನ ಮರುದಿನ ಕೀಲಿಮಣೆ, ಮೌಸ್ ಎರಡೂ ಒಟ್ಟಿಗೆ ಮೂಕವಾದರೆ ಮದರ್‌ಬೋರ್ಡಿಗೇ ಪೆಟ್ಟಾಗಿರುವ ಸಂಭವವಿದೆ. ಅದು ರಿಪೇರಿಯವರ ಕೆಲಸ.

ಇನ್ನೊಂದು ವಿಷಯ ಜೀವಕ್ಕೆ ಸಂಬಂಧಿಸಿದ್ದು. ಪೆಟ್ಟಿಗೆಯನ್ನು ಮುಟ್ಟಿದಾಗ ಜುಮ್ಮೆಂದರೆ ಅದನ್ನು ಸಣ್ಣದೆಂದು ಬಿಡಬಾರದು. ಮೂರು ಕಡ್ಡಿಯ ಪ್ಲಗ್ಗನ್ನು ಎರಡು ಕಡ್ಡಿಯದಕ್ಕೆ ಹೊಂದಿಸಿದಾಗ, ಅಥವಾ ಮನೆಯ ಅರ್ಥಿಂಗ್ ಒಣಗಿದಾಗ, ಭೂಮಿಗೆ ಇಳಿಯಬೇಕಾದ ವಿದ್ಯುತ್ ಪೆಟ್ಟಿಗೆಯ ಮೈಮೇಲೆ ನಿಲ್ಲುತ್ತದೆ. ಅದರಿಂದ ಯು.ಎಸ್.ಬಿ. ಸಂಪರ್ಕ ಆಗಾಗ ಕಡಿದುಹೋಗಬಹುದು. ಬರಿಗಾಲಿನಲ್ಲಿ ಮುಟ್ಟಿದ ಮಗುವಿಗೆ ಅಪಾಯವೂ ಆಗಬಹುದು. ಇಲ್ಲಿ ಸ್ವಂತ ಪ್ರಯೋಗ ಸಲ್ಲದು. ಪ್ಲಗ್ಗನ್ನು ಕಿತ್ತು, ಬಲ್ಲ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಿದ ಮೇಲೆಯೇ ಯಂತ್ರವನ್ನು ಹಚ್ಚಬೇಕು.

ರಿಪೇರಿಯವರ ಬಳಿಗೆ ಹೋಗಲೇಬೇಕಾದಾಗ ‘ಕೀಬೋರ್ಡ್ ಕೆಟ್ಟಿದೆ’ ಎಂದಷ್ಟೇ ಹೇಳಿದರೆ ಸಾಲದು. ಕ್ಯಾಪ್ಸ್ ಲಾಕ್ ದೀಪ ಹತ್ತುತ್ತದೆಯೇ, ಬಯಾಸಿನಲ್ಲಿ ನಡೆಯುತ್ತದೆಯೇ, ಬೇರೆ ಕಿಂಡಿಯಲ್ಲಿ ಏನಾಯಿತು, ನೆರೆಮನೆಯ ಕೀಲಿಮಣೆ ಹಾಕಿದಾಗ ಏನಾಯಿತು ಎಂಬ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರಿಗೆ ಜ್ವರದ ಏರಿಳಿತವನ್ನು ಹೇಳಿದ ಹಾಗೆ ಅದು. ಅವರಿಗೆ ಸಮಯ ಉಳಿಯುತ್ತದೆ, ನಿಮಗೆ ಹಣ ಉಳಿಯುತ್ತದೆ. ಮನೆಯಲ್ಲಿ ತಂತಿಯುಳ್ಳ ಅಗ್ಗದ ಒಂದು ಕೀಲಿಮಣೆ, ಒಂದು ಮೌಸನ್ನು ಡಬ್ಬದಲ್ಲಿ ತೆಗೆದಿಟ್ಟುಕೊಂಡಿರುವುದೂ ಜಾಣತನ. ಎಲ್ಲಕ್ಕಿಂತ ಮಿಗಿಲಾಗಿ, ಅರ್ಜಿಗಳನ್ನು ಕೊನೆಯ ದಿನಕ್ಕೆ ಮೂರು ದಿನ ಮೊದಲೇ ಕಳಿಸುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿ. ಯಂತ್ರ ಕೆಟ್ಟರೂ ಸರಿಪಡಿಸಿಕೊಳ್ಳಲು ವ್ಯವಧಾನ ಇರುತ್ತದೆ.